ಯಾರು ಗೆಲ್ತಾರೆ ಅಂತ ಗೊತ್ತಿದ್ದ ಮೇಲೂ ರೇಸ್ ನೋಡಬೇಕಾ?

ಇವತ್ತಿನ ವಿಷಯ ಫಾರ್ಮುಲಾ ಒನ್. ಅದನ್ನ ನೋಡೋದ್ರಲ್ಲಿ ಇನ್ನೂ ರೋಚಕತೆ ಉಳಿದಿದೆಯಾ, ಇಲ್ಲಾ ನಾವು ಬರೀ ಅಭ್ಯಾಸಬಲದಿಂದ ಭಾನುವಾರ ಸಂಜೆ ಆರೂವರೆಗೆ ಟೀವಿ ಮುಂದೆ ಕೂರ್ತಾ ಇದ್ದೀವಾ ಅನ್ನೋ ಪ್ರಶ್ನೆ.

ಪ್ರಶ್ನೆ ಮೂಲತಃ ನನ್ನದಲ್ಲ. ಪುಣೆಯಲ್ಲಿ ನನ್ನ ಜೊತೆ ಒಂದೇ ಫ್ಲ್ಯಾಟಿನಲ್ಲಿ ಇದ್ದ ಧಾರವಾಡದ ಗೆಳೆಯನದು. 2023ರ ಸೀಸನ್ ಪೂರ್ತಿ ಅವನು ಪ್ರತಿ ರೇಸಿಗೂ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳೋನು: "ಯಾರ್ ಗೆಲ್ತಾನ ಅನ್ನೂದು ಮೊದ್ಲ ಗೊತ್ತೈತಿ, ಮತ್ತ್ಯಾಕ ನೋಡ್ತೀಯಪ್ಪಾ?" ಅವನ ಮಾತಲ್ಲಿ ಹುರುಳಿಲ್ಲ ಅನ್ನೋ ಹಾಗಿರಲಿಲ್ಲ. ಆ ವರ್ಷ 22 ರೇಸುಗಳಲ್ಲಿ 21ನ್ನು ರೆಡ್ ಬುಲ್ ಗೆದ್ದಿತು. ಮ್ಯಾಕ್ಸ್ ವರ್ಸ್ಟಾಪನ್ ಒಬ್ಬನೇ 19 ಗೆದ್ದ, ಅದರಲ್ಲಿ 10 ಸತತವಾಗಿ. ಉಳಿದ ಒಂದೇ ಒಂದು ರೇಸು, ಸಿಂಗಪುರದ್ದು, ಫೆರಾರಿಯ ಕಾರ್ಲೋಸ್ ಸೈಂಜ್ ಪಾಲಾಯ್ತು. ಕ್ರಿಕೆಟ್ಟಿನಲ್ಲಿ ಒಂದು ತಂಡ 22ರಲ್ಲಿ 21 ಮ್ಯಾಚ್ ಗೆದ್ದರೆ ನಾವು ಏನಂತೀವಿ? ತಂಡ ಅದ್ಭುತ, ಟೂರ್ನಮೆಂಟ್ ಬೋರು ಅಂತೀವಿ.

ಆದರೆ ಅವನಿಗೆ ನಾನು ಕೊಡಬೇಕಾದ ಉತ್ತರ ಸ್ವಲ್ಪ ಉದ್ದ. ಅದಕ್ಕೇ ಈ ಮಾತು.

ಮೊದಲು ಒಂದು ಭ್ರಮೆ ಕಳಚಿಬಿಡೋಣ. "ಹಳೇ ಕಾಲದ ರೇಸು ಅಂದ್ರೆ ರೇಸು ಸಾರ್, ಸೆನ್ನಾ ಕಾಲದಲ್ಲಿ..." ಅಂತ ಶುರು ಮಾಡೋರು ಎಲ್ಲ ಆಫೀಸಿನಲ್ಲೂ ಒಬ್ಬರು ಇರ್ತಾರೆ. ಸೆನ್ನಾ ಕಾಲದ ಲೆಕ್ಕವನ್ನೇ ನೋಡೋಣ. 1988ರಲ್ಲಿ 16 ರೇಸುಗಳು ನಡೆದವು. ಮ್ಯಾಕ್‌ಲಾರೆನ್ ತಂಡ 15 ಗೆದ್ದಿತು, ಸೆನ್ನಾ ಎಂಟು, ಪ್ರಾಸ್ಟ್ ಏಳು. ತಪ್ಪಿದ್ದು ಮೋಂಜಾ ಒಂದೇ, ಅದೂ ಹಿಂದುಳಿದ ಒಂದು ಕಾರು ಸೆನ್ನಾಗೆ ತಗುಲಿದ್ದರಿಂದ. 2004ರಲ್ಲಿ ಶುಮಾಕರ್ 18ರಲ್ಲಿ 13 ಗೆದ್ದ. ಇನ್ನೂ ಹಿಂದಕ್ಕೆ ಹೋಗಿ: 1969ರ ಸ್ಪೇನ್ ರೇಸಿನಲ್ಲಿ ಜಾಕಿ ಸ್ಟುವರ್ಟ್ ಗೆದ್ದಾಗ ಎರಡನೇ ಸ್ಥಾನದವನು ಎರಡು ಲ್ಯಾಪ್ ಹಿಂದಿದ್ದ. ಎರಡು ಸೆಕೆಂಡ್ ಅಲ್ಲ, ಎರಡು ಲ್ಯಾಪ್! ಇವತ್ತು ಹಾಗೇನಾದರೂ ಆದರೆ ನಮ್ಮ ವಾಟ್ಸಾಪ್ ಗುಂಪುಗಳು ಮುಚ್ಚಿಹೋಗ್ತವೆ.

ಹಳೆಯದರಲ್ಲಿ ನಮಗೆ ನೆನಪಿರೋದು ಆಯ್ದ ತುಣುಕುಗಳು. 1971ರ ಮೋಂಜಾದಲ್ಲಿ ಪೀಟರ್ ಗೆಥಿನ್ ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಗೆದ್ದ, ಮೊದಲ ಐದು ಕಾರುಗಳು ಒಂದು ಸೆಕೆಂಡಿನೊಳಗೆ ಗೆರೆ ದಾಟಿದವು. ಯೂಟ್ಯೂಬಿನಲ್ಲಿ ನಾವು ನೋಡೋದು ಅದನ್ನ. ಅದೇ ವರ್ಷದ ಉಳಿದ ರೇಸುಗಳನ್ನ ಯಾರೂ ಅಪ್‌ಲೋಡ್ ಮಾಡಿ "ನೋಡಿ, ಇಲ್ಲಿ ಏನೂ ಆಗಲಿಲ್ಲ" ಅನ್ನಲ್ಲ.

ಹಳೇ ಕಾಲದಲ್ಲಿ ಒಂದು ಮಾತ್ರ ನಿಜವಾಗಿ ಹೆಚ್ಚಿತ್ತು. ಕಾರು ಕೆಡೋದು. ಮುಂದಿರೋನು 40 ಸೆಕೆಂಡ್ ಮುಂದಿದ್ದರೂ ಎಂಜಿನ್ ಯಾವಾಗ ಹೊಗೆ ಉಗುಳುತ್ತೋ ಗೊತ್ತಿರಲಿಲ್ಲ. 1996ರ ಮೊನಾಕೋ ರೇಸಿನಲ್ಲಿ 14ನೇ ಸ್ಥಾನದಿಂದ ಶುರು ಮಾಡಿದ ಒಲಿವಿಯೆ ಪಾನಿಸ್ ಗೆದ್ದ. ಕೊನೆಗೆ ಗೆರೆ ದಾಟಿದ್ದು ಮೂರೇ ಕಾರು. ಈಗ ಎಂಜಿನಿಯರಿಂಗ್ ಎಷ್ಟು ಪಕ್ವವಾಗಿದೆ ಅಂದ್ರೆ, ಕಾರು ಕೆಟ್ಟು ನಿಂತರೆ ಅದೇ ಸುದ್ದಿ. ಪ್ರೊಡಕ್ಷನ್‌ನಲ್ಲಿ ಸಿಸ್ಟಮ್ ಬೀಳದ ಹಾಗೆ ನೋಡ್ಕೊಳ್ಳೋದೇ ನಮ್ಮಲ್ಲಿ ಹಲವರ ಹೊಟ್ಟೆಪಾಡು. ಬೀಳದೇ ಇರೋ ಸಿಸ್ಟಮ್ ನೋಡೋರಿಗೆ ಎಷ್ಟು ನೀರಸ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದ್ರೆ ದೂರು ಪೂರ್ತಿ ಸುಳ್ಳಾ? ಅಲ್ಲ. ಇಲ್ಲೇ ವಿಷಯ ಸ್ವಾರಸ್ಯ ಇರೋದು.

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದೊಡ್ಡ ಲಾರಿ ಹಿಂದೆ ಹೋಗ್ತಾ ಇದ್ದೀರಿ ಅಂದ್ಕೊಳ್ಳಿ. ಗಾಳಿಯನ್ನ ಲಾರಿ ಸೀಳಿಕೊಂಡು ಹೋಗ್ತಿರುತ್ತೆ, ಹಿಂದಿರೋ ನಿಮಗೆ ಗಾಳಿಯ ತಡೆ ಕಮ್ಮಿ. ಜೊತೆಗೆ ನಿಮ್ಮ ಕಾರು ಆ ಕಡೆ ಈ ಕಡೆ ಅಲ್ಲಾಡ್ತಿರುತ್ತೆ, ಯಾಕಂದ್ರೆ ಲಾರಿ ಹಿಂದಿನ ಗಾಳಿ ಸುಳಿಸುಳಿಯಾಗಿ ಕಲಕಿಹೋಗಿರುತ್ತೆ. ರೇಸಿನಲ್ಲೂ ಇದೇ ಕಥೆ. ನೇರ ರಸ್ತೆಯಲ್ಲಿ ಮುಂದಿನ ಕಾರಿನ ಹಿಂದೆ ಇರೋದು ಲಾಭ. ತಿರುವಿನಲ್ಲಿ ಪೂರಾ ನಷ್ಟ. ಈ ಕಾರುಗಳು ತಿರುವನ್ನ ಅಷ್ಟು ವೇಗದಲ್ಲಿ ತಗೊಳ್ಳೋದು ರೆಕ್ಕೆಗಳು ಮತ್ತು ಕಾರಿನ ತಳ ಸೇರಿ ಕಾರನ್ನ ನೆಲಕ್ಕೆ ಒತ್ತೋದ್ರಿಂದ. ಅದನ್ನೇ ಡೌನ್‌ಫೋರ್ಸ್ ಅನ್ನೋದು. ಶುದ್ಧ ಗಾಳಿ ಸಿಗದಿದ್ರೆ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ರೆ ಟೈರ್ ಜಾರುತ್ತೆ, ಜಾರಿದ್ರೆ ಬಿಸಿಯಾಗುತ್ತೆ, ಬಿಸಿಯಾದ್ರೆ ಇನ್ನೂ ಜಾರುತ್ತೆ. ಹತ್ತಿರ ಬಂದವನಿಗೆ ಹತ್ತಿರ ಬಂದಿದ್ದಕ್ಕೇ ಶಿಕ್ಷೆ.

ಎಷ್ಟು ಶಿಕ್ಷೆ? ಎಫ್‌ಒನ್‌ನವರೇ ಕೊಟ್ಟ ಅಂಕಿ ಪ್ರಕಾರ 2021ರವರೆಗಿನ ಕಾರು ಮುಂದಿನ ಕಾರಿನಿಂದ 20 ಮೀಟರ್ ಹಿಂದಿದ್ದಾಗ ತನ್ನ ಡೌನ್‌ಫೋರ್ಸಿನಲ್ಲಿ 35 ಶೇಕಡಾ ಕಳ್ಕೊಳ್ತಿತ್ತು, 10 ಮೀಟರಿಗೆ ಬಂದ್ರೆ 46 ಶೇಕಡಾ. ಅರ್ಧ ಬ್ರೇಕ್ ಕಿತ್ತುಹಾಕಿ ಓವರ್‌ಟೇಕ್ ಮಾಡು ಅಂದ ಹಾಗೆ. ಇದನ್ನ ಸರಿ ಮಾಡೋಕೇ 2022ರ ನಿಯಮ ಬಂತು. ಒತ್ತಡದ ಹೆಚ್ಚಿನ ಪಾಲು ಕಾರಿನ ತಳದಿಂದ ಬರೋ ಹಾಗೆ ಮಾಡಿದ್ರು, ಹಿಂದಿನ ಗಾಳಿ ಮೇಲಕ್ಕೆ ಹಾರೋ ಹಾಗೆ ರೆಕ್ಕೆ ಬಾಗಿಸಿದ್ರು. ನಷ್ಟ 20 ಮೀಟರಿನಲ್ಲಿ 4 ಶೇಕಡಾಕ್ಕೆ, 10 ಮೀಟರಿನಲ್ಲಿ 18 ಶೇಕಡಾಕ್ಕೆ ಇಳೀತು ಅಂತ ಅವರ ಲೆಕ್ಕ. ಮೊದಲ ವರ್ಷ ನಿಜವಾಗಲೂ ಚೆನ್ನಾಗಿತ್ತು. ಆಮೇಲೆ ಏನಾಯ್ತು? ಪ್ರತಿ ತಂಡದಲ್ಲೂ ಗಾಳಿಯನ್ನೇ ಉಸಿರಾಡೋ ನೂರಾರು ಎಂಜಿನಿಯರುಗಳಿದ್ದಾರೆ. ಅವರಿಗೆ ಸಂಬಳ ಬರೋದು ತಮ್ಮ ಕಾರು ವೇಗವಾಗಿ ಹೋಗಲಿ ಅಂತ, ಹಿಂದಿನವನಿಗೆ ಒಳ್ಳೇ ಗಾಳಿ ಸಿಗಲಿ ಅಂತಲ್ಲ. ವರ್ಷದಿಂದ ವರ್ಷಕ್ಕೆ ಕೊಳಕು ಗಾಳಿ ವಾಪಸ್ ಬಂತು. ನಿಯಮ ಬರೆಯೋರು ಹತ್ತಾರು ಜನ, ಅದರಲ್ಲಿ ತೂತು ಹುಡುಕೋರು ಸಾವಿರಾರು ಜನ.

ಇನ್ನೊಂದು ಖಾಯಿಲೆ ಕಾರಿನ ಗಾತ್ರ. 2008ರಲ್ಲಿ ಡ್ರೈವರೂ ಸೇರಿ ಕಾರಿನ ಕನಿಷ್ಠ ತೂಕ 605 ಕಿಲೋ ಇತ್ತು. 2022ಕ್ಕೆ ಅದು 798 ಕಿಲೋ. ಹೈಬ್ರಿಡ್ ಬ್ಯಾಟರಿ, ಸುರಕ್ಷತೆಯ ರಚನೆ, ದೊಡ್ಡ ಚಕ್ರ, ಎಲ್ಲಾ ಸೇರಿ ಊದಿಕೊಂಡಿತು. ಅಗಲ ಎರಡು ಮೀಟರ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರವೇ 3.6 ಮೀಟರ್‌ವರೆಗೆ ಇರಬಹುದಿತ್ತು. ನಮ್ಮೂರಲ್ಲಿ ಮನೆಮನೆಗೂ ಇದ್ದ ಮಾರುತಿ ಆಲ್ಟೊ 800 ಇದೆಯಲ್ಲ, ಅದರ ಪೂರ್ತಿ ಉದ್ದವೇ ಮೂರೂವರೆ ಮೀಟರ್ ಒಳಗೆ. ಅಂದ್ರೆ ಎಫ್‌ಒನ್ ಕಾರಿನ ಮುಂದಿನ, ಹಿಂದಿನ ಅಚ್ಚುಗಳ ನಡುವಿನ ಅಂತರವೇ ಇಡೀ ಆಲ್ಟೊಗಿಂತ ಉದ್ದ. ಇಂಥಾ ಕಾರು 20 ತಗೊಂಡು ಹೋಗಿ ಮೊನಾಕೋದ ಗಲ್ಲಿಯಲ್ಲಿ ಬಿಟ್ಟರೆ?

2024ರಲ್ಲಿ ಬಿಟ್ಟರು. ಮೊದಲ ಲ್ಯಾಪಿನಲ್ಲೇ ದೊಡ್ಡ ಅಪಘಾತ, ರೆಡ್ ಫ್ಲ್ಯಾಗ್. ರೇಸ್ ನಿಂತಾಗ ಟೈರ್ ಬದಲಿಸಬಹುದು ಅನ್ನೋ ನಿಯಮ ಇದೆ, ಎಲ್ಲರೂ ಬದಲಿಸಿದ್ರು. ಪಿಟ್ ಸ್ಟಾಪಿನ ಕಡ್ಡಾಯ ಅಲ್ಲಿಗೇ ಮುಗೀತು. ಮುಂದಿನ 70 ಚಿಲ್ಲರೆ ಲ್ಯಾಪು ಎಲ್ಲರೂ ಟೈರ್ ಉಳಿಸ್ಕೊಂಡು ಮೆರವಣಿಗೆ ಹೋದ ಹಾಗೆ ಹೋದ್ರು. ಮೊದಲ ಹತ್ತು ಜನ ಶುರು ಮಾಡಿದ ಕ್ರಮದಲ್ಲೇ ಮುಗಿಸಿದ್ರು. ಎಫ್‌ಒನ್ ಇತಿಹಾಸದಲ್ಲಿ ಹಾಗಾಗಿದ್ದು ಅದೇ ಮೊದಲು. ವರ್ಸ್ಟಾಪನ್ ಅಂತೂ ರೇಡಿಯೋದಲ್ಲಿ, ಬೋರಾಗ್ತಿದೆ, ದಿಂಬು ತರಬೇಕಿತ್ತು ಅಂತ ಹೇಳಿದ. ಓಡಿಸೋನಿಗೇ ನಿದ್ದೆ ಬಂದ್ರೆ ಸೋಫಾ ಮೇಲಿರೋ ನಮ್ಮ ಗತಿ ಏನು? ಮುಂದಿನ ವರ್ಷ ಮೊನಾಕೋಗೆ ಎರಡು ಪಿಟ್ ಸ್ಟಾಪ್ ಕಡ್ಡಾಯ ಮಾಡಿದ್ರು. ಆಗ ಒಂದೇ ತಂಡದ ಇಬ್ಬರಲ್ಲಿ ಒಬ್ಬ ಬೇಕಂತಲೇ ನಿಧಾನ ಹೋಗಿ ಹಿಂದಿನವರನ್ನೆಲ್ಲ ತಡೆಯೋದು, ಇನ್ನೊಬ್ಬ ಆರಾಮಾಗಿ ಟೈರ್ ಬದಲಿಸೋದು ಶುರುವಾಯ್ತು. ರೋಚಕತೆ ತರೋಕೆ ಬರೆದ ನಿಯಮದಿಂದ ಟ್ರಾಫಿಕ್ ಜಾಮ್ ಹುಟ್ಟಿತು. ಸಿಲ್ಕ್ ಬೋರ್ಡ್ ನೋಡಿದವರಿಗೆ ಇದಕ್ಕೆ ಸಬ್‌ಸ್ಕ್ರಿಪ್ಷನ್ ಯಾಕೆ ಬೇಕು ಹೇಳಿ.

ಈಗ ಡಿಆರ್‌ಎಸ್ ವಿಚಾರ. ಕ್ರಿಕೆಟ್ಟಿನದಲ್ಲ. 2011ರಲ್ಲಿ ಬಂದ ವ್ಯವಸ್ಥೆ ಇದು. ಗೊತ್ತುಪಡಿಸಿದ ಜಾಗದಲ್ಲಿ ಮುಂದಿನವನಿಂದ ಒಂದು ಸೆಕೆಂಡ್ ಒಳಗೆ ಇದ್ದರೆ, ಹಿಂದಿನವನು ತನ್ನ ಹಿಂರೆಕ್ಕೆಯ ಒಂದು ಪಟ್ಟಿ ತೆರೆದು ಗಾಳಿಯ ತಡೆ ಕಮ್ಮಿ ಮಾಡ್ಕೋಬಹುದಿತ್ತು. ಮುಂದಿನವನಿಗೆ ಆ ಅವಕಾಶ ಇರಲಿಲ್ಲ. ಓವರ್‌ಟೇಕ್ ಸಂಖ್ಯೆ ಏರಿತು. ಸರಿ, ರೋಚಕತೆ ಏರಿತಾ?

ಇದಕ್ಕೆ ನಾನು ಯಾವಾಗಲೂ ಕೊಡೋ ಉದಾಹರಣೆ 2005ರ ಇಮೋಲಾ. ಅಲೊನ್ಸೊಗೆ ಆಗ 23 ವರ್ಷ, ರೆನೋ ಕಾರು, ಮುಂದೆ ಇದ್ದಾನೆ. ಏಳು ಸಲದ ಚಾಂಪಿಯನ್ ಶುಮಾಕರ್ 13ನೇ ಸ್ಥಾನದಿಂದ ಶುರು ಮಾಡಿ ಎಲ್ಲರನ್ನೂ ದಾಟ್ಕೊಂಡು ಬಂದು ಅಲೊನ್ಸೊ ಬೆನ್ನಿಗೆ ಅಂಟ್ಕೊಂಡ. ಫೆರಾರಿ ಸ್ಪಷ್ಟವಾಗಿ ವೇಗವಾಗಿತ್ತು. ಕೊನೆಯ ಹನ್ನೆರಡು ಲ್ಯಾಪುಗಳಷ್ಟು ಹೊತ್ತು ಎರಡೂ ಕಾರು ಒಂದೇ ದಾರಕ್ಕೆ ಕಟ್ಟಿದ ಹಾಗೆ ಹೋದವು. ಅಲೊನ್ಸೊ ಏನು ಮಾಡ್ತಿದ್ದ ಅಂದ್ರೆ, ಶುಮಾಕರ್‌ಗೆ ಅಡ್ಡ ಹೋಗಲಿಲ್ಲ, ಹಾವಿನ ಹಾಗೆ ಓಡಿಸಲಿಲ್ಲ. ಓವರ್‌ಟೇಕ್ ಸಾಧ್ಯವಿಲ್ಲದ ತಿರುವುಗಳಲ್ಲಿ ಬೇಕಂತಲೇ ಸ್ವಲ್ಪ ತಡೆದು, ನೇರ ರಸ್ತೆಗೆ ಬಿಡೋ ತಿರುವಿನಲ್ಲಿ ಪೂರ್ತಿ ವೇಗದಲ್ಲಿ ಹೊರಬೀಳ್ತಿದ್ದ. ಒಂದೇ ಒಂದು ಸಲ ಚಕ್ರ ಜಾರಿದ್ರೆ ಕಥೆ ಮುಗೀತಿತ್ತು. ಜಾರಲಿಲ್ಲ. 0.215 ಸೆಕೆಂಡಿನಲ್ಲಿ ಗೆದ್ದ.

ಆ ಹನ್ನೆರಡು ಲ್ಯಾಪಿನಲ್ಲಿ ಅವರಿಬ್ಬರ ನಡುವೆ ನಡೆದ ಓವರ್‌ಟೇಕ್ ಎಷ್ಟು? ಸೊನ್ನೆ. ಮೊನಾಕೋ 2024ರಲ್ಲಿ ಮುಂದಿನವರ ನಡುವೆಯೂ ಸೊನ್ನೆ. ಒಂದು ಉಸಿರು ಬಿಗಿಹಿಡಿದು ನೋಡೋ ರೇಸು, ಇನ್ನೊಂದು ದಿಂಬಿನ ರೇಸು. ಅದೇ ಇಮೋಲಾದಲ್ಲಿ ಡಿಆರ್‌ಎಸ್ ಇದ್ದಿದ್ರೆ ಶುಮಾಕರ್ ಎರಡನೇ ಲ್ಯಾಪಿಗೇ ರೆಕ್ಕೆ ತೆರೆದು, ಹೈವೇಯಲ್ಲಿ ಸ್ಕಾರ್ಪಿಯೋ ದಾಟೋ ಹಾಗೆ ದಾಟಿ ಹೋಗಿರೋನು. ಲೆಕ್ಕದ ಪುಸ್ತಕಕ್ಕೆ ಒಂದು ಓವರ್‌ಟೇಕ್ ಸೇರಿರೋದು, ನಮಗೆ ಒಂದು ಅಮೂಲ್ಯ ರೇಸು ಹೋಗಿರೋದು.

ಹಾಗಾಗಿ ಓವರ್‌ಟೇಕ್ ಎಣಿಸೋದನ್ನ ನಾನು ಒಪ್ಪಲ್ಲ. ನನ್ನ ಪ್ರಶ್ನೆ ಎರಡೇ. ಮುಂದೇನಾಗುತ್ತೆ ಅನ್ನೋದು ನಿಜವಾಗಲೂ ಅನಿಶ್ಚಿತವಾ? ಮತ್ತೆ, ಓಡಿಸೋರಿಬ್ಬರೂ ತಮ್ಮ ಮಿತಿಯ ಅಂಚಿನಲ್ಲಿದ್ದಾರಾ? ಇಮೋಲಾದಲ್ಲಿ ಎರಡಕ್ಕೂ ಹೌದು. ಮೊನಾಕೋದಲ್ಲಿ ಎರಡಕ್ಕೂ ಇಲ್ಲ. ನಡುವಿನದೆಲ್ಲ ಈ ಎರಡರ ಮಿಶ್ರಣ. ನನಗೆ ಈಗಲೂ ಶನಿವಾರದ ಕ್ವಾಲಿಫೈಯಿಂಗ್ ಹೆಚ್ಚು ಇಷ್ಟ ಅಂದ್ರೆ ಅದಕ್ಕೆ ಇದೇ ಕಾರಣ. ಅಲ್ಲಿ ಟೈರ್ ಉಳಿಸೋ ಮಾತಿಲ್ಲ, ಒಂದು ಲ್ಯಾಪು, ಇದ್ದದ್ದೆಲ್ಲಾ ಸುರಿ ಅಷ್ಟೇ.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರ್ತೀನಿ. ರೋಚಕತೆ ಬೇಕು ಬೇಕು ಅಂತ ನಾವು ಕೇಳ್ತಾ ಹೋದ್ರೆ ಅದನ್ನ ಕೊಡೋರು ಹೇಗೆ ಕೊಡ್ತಾರೆ?

2021ರ ಡಿಸೆಂಬರ್ 12, ಅಬುಧಾಬಿ. ಹ್ಯಾಮಿಲ್ಟನ್, ವರ್ಸ್ಟಾಪನ್ ಇಬ್ಬರದೂ 369.5 ಅಂಕ, ಸಮ ಸಮ. ಕೊನೆಯ ರೇಸು. ಹ್ಯಾಮಿಲ್ಟನ್ ಆರಾಮಾಗಿ ಮುಂದಿದ್ದ. ಐದಾರು ಲ್ಯಾಪು ಇರೋವಾಗ ಹಿಂದೆಲ್ಲೋ ಲಟೀಫಿ ಗೋಡೆಗೆ ಗುದ್ದಿದ, ಸೇಫ್ಟಿ ಕಾರ್ ಬಂತು. ವರ್ಸ್ಟಾಪನ್ ಹೊಸ ಸಾಫ್ಟ್ ಟೈರ್ ಹಾಕ್ಕೊಂಡ, ಹ್ಯಾಮಿಲ್ಟನ್ ಹಳೇ ಹಾರ್ಡ್ ಟೈರಿನಲ್ಲೇ ಉಳಿದ. ಇಬ್ಬರ ನಡುವೆ ಲ್ಯಾಪ್ ಹಿಂದುಳಿದ ಐದು ಕಾರುಗಳಿದ್ದವು. ಹಿಂದುಳಿದ ಎಲ್ಲ ಕಾರುಗಳೂ ಮುಂದೆ ಹೋಗಬೇಕು, ಆಮೇಲೆ ಸೇಫ್ಟಿ ಕಾರ್ ಇನ್ನೊಂದು ಲ್ಯಾಪ್ ಕಳೆದು ಒಳಗೆ ಬರಬೇಕು ಅನ್ನೋದು ಎಲ್ಲರೂ ತಿಳ್ಕೊಂಡಿದ್ದ ಕ್ರಮ. ರೇಸ್ ಡೈರೆಕ್ಟರ್ ಆ ಐದನ್ನ ಮಾತ್ರ ಮುಂದೆ ಕಳಿಸಿ, ಅದೇ ಲ್ಯಾಪಿಗೆ ಸೇಫ್ಟಿ ಕಾರ್ ಒಳಗೆ ಕರೆಸಿ, ಒಂದೇ ಒಂದು ಲ್ಯಾಪಿನ ರೇಸು ಬಿಟ್ಟರು. ವರ್ಸ್ಟಾಪನ್ ದಾಟಿದ, ಚಾಂಪಿಯನ್ ಆದ. ಆಮೇಲೆ ಎಫ್‌ಐಎ ತನಿಖೆ ಮಾಡಿ ಅದನ್ನ ಮಾನವ ದೋಷ ಅಂತ ಕರೀತು, ಫಲಿತಾಂಶ ಹಾಗೇ ಉಳೀತು, ರೇಸ್ ಡೈರೆಕ್ಟರನ್ನ ಆ ಜಾಗದಿಂದ ಬದಲಿಸಿದ್ರು.

ಅದಕ್ಕಿಂತ ರೋಚಕವಾದ ಒಂದು ಲ್ಯಾಪು ಯಾರಾದ್ರೂ ನೋಡಿದ್ದೀರಾ? ನಾನು ನೋಡಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯವರು ಏನಾಯ್ತು ಅಂತ ಮೇಲೆ ಬಂದು ಕೇಳೋಷ್ಟು ಕೂಗಾಡಿದ್ವಿ. ಆದರೆ ಅರ್ಧ ಗಂಟೆ ಆದ್ಮೇಲೆ ಬಾಯಿ ಕಹಿ. ವರ್ಸ್ಟಾಪನ್ ವರ್ಷಪೂರ್ತಿ ಅದ್ಭುತವಾಗಿ ಓಡಿಸಿದ್ದ, ಚಾಂಪಿಯನ್ ಆಗೋ ಯೋಗ್ಯತೆ ಖಂಡಿತ ಇತ್ತು. ಅವನದೇನೂ ತಪ್ಪಿಲ್ಲ. ಆದರೆ ಆ ಕೊನೆಯ ಲ್ಯಾಪು ಆಟದೊಳಗಿಂದ ಹುಟ್ಟಿದ್ದಲ್ಲ, ಒಬ್ಬರು ಕೂತು ತೀರ್ಮಾನ ಮಾಡಿದ್ದರಿಂದ ಹುಟ್ಟಿದ್ದು.

ಇದನ್ನ 2008ರ ಬ್ರೆಜಿಲ್ ಜೊತೆ ಹೋಲಿಸಿ. ಫಿಲಿಪೆ ಮಾಸ್ಸಾ ತನ್ನೂರಲ್ಲಿ ರೇಸ್ ಗೆದ್ದ, ಗ್ಯಾರೇಜಿನಲ್ಲಿ ಮನೆಯವರು ಕುಣೀತಿದ್ದಾರೆ, ಚಾಂಪಿಯನ್ ಆದ ಅಂತ. ಅತ್ತ ಮಳೆ ಶುರುವಾಗಿದೆ. ಒಣ ಟೈರಿನಲ್ಲಿ ಗ್ಲಾಕ್ ಒದ್ದಾಡ್ತಿದ್ದಾನೆ. ಕೊನೆಯ ಲ್ಯಾಪಿನ ಕೊನೆಯ ತಿರುವುಗಳಲ್ಲಿ ಹ್ಯಾಮಿಲ್ಟನ್ ಅವನನ್ನ ದಾಟಿ ಐದನೇ ಸ್ಥಾನಕ್ಕೆ ಬಂದ, ಒಂದೇ ಒಂದು ಅಂಕದಿಂದ ಚಾಂಪಿಯನ್ ಆದ. 98, 97. ಅಲ್ಲಿ ಯಾರೂ ಗುಂಡಿ ಒತ್ತಲಿಲ್ಲ. ಮೋಡ ಮಾಡಿದ್ದು ಅದು. ಮಾಸ್ಸಾ ವೇದಿಕೆ ಮೇಲೆ ನಿಂತು ಎದೆ ತಟ್ಕೊಂಡು ಅತ್ತಿದ್ದು ನೋಡಿದ್ರೆ ಇವತ್ತಿಗೂ ಗಂಟಲು ಕಟ್ಟುತ್ತೆ.

"ಮೊದಲು ಸಾವಿನ ಭಯ ಇತ್ತು, ಅದಕ್ಕೇ ರೋಚಕ ಇತ್ತು" ಅನ್ನೋ ವಾದಕ್ಕೆ ನನ್ನ ಹತ್ರ ತಾಳ್ಮೆ ಇಲ್ಲ. 1994ರ ಇಮೋಲಾದಲ್ಲಿ ಶನಿವಾರ ರಾಟ್ಜೆನ್‌ಬರ್ಗರ್, ಭಾನುವಾರ ಸೆನ್ನಾ. 2014ರಲ್ಲಿ ಸುಜುಕಾದ ಮಳೆಯಲ್ಲಿ ಬಿಯಾಂಕಿ ಕ್ರೇನಿಗೆ ಗುದ್ದಿದ, ಮುಂದಿನ ವರ್ಷ ತೀರಿಕೊಂಡ. ಆಮೇಲೆ 2018ರಲ್ಲಿ ಡ್ರೈವರ್ ತಲೆ ಸುತ್ತ ಟೈಟಾನಿಯಂ ಚೌಕಟ್ಟು, ಹಾಲೋ, ಬಂದಾಗ ಎಷ್ಟು ಜನ ಗೇಲಿ ಮಾಡಿದ್ರು! ಹವಾಯಿ ಚಪ್ಪಲಿ ಪಟ್ಟಿ ಇದ್ದ ಹಾಗಿದೆ ಅಂದ್ರು. 2020ರ ಬಹ್ರೇನಿನಲ್ಲಿ ಗ್ರೋಜಾನ್ ಕಾರು ಕಬ್ಬಿಣದ ತಡೆಗೋಡೆಯನ್ನ ಸೀಳಿಕೊಂಡು ಎರಡು ತುಂಡಾಗಿ ಹೊತ್ತಿ ಉರೀತು. 28 ಸೆಕೆಂಡ್ ಬೆಂಕಿಯೊಳಗೆ ಇದ್ದು ಎದ್ದು ಹೊರಗೆ ನಡೆದು ಬಂದ. ಆ 28 ಸೆಕೆಂಡ್ ನೋಡಿದವರ್ಯಾರೂ ಅಪಾಯ ಬೇಕು ಅಂತ ಇನ್ನೊಂದು ಸಲ ಕೇಳಲ್ಲ. ಚಪ್ಪಲಿ ಪಟ್ಟಿ ಬಗ್ಗೆಯೂ ಮಾತಾಡಲ್ಲ.

ಟೀವಿಯಲ್ಲಿ ನೋಡೋದು ಬೇರೆ, ಟ್ರ್ಯಾಕಿನಲ್ಲಿ ನೋಡೋದು ಬೇರೆ. 2012ರಲ್ಲಿ ನಾನು ನೋಯ್ಡಾದಲ್ಲಿ ಕೆಲಸದಲ್ಲಿದ್ದೆ, ಬುದ್ಧ್ ಸರ್ಕ್ಯೂಟಿಗೆ ಹೋಗಿದ್ದೆ. ಕಾಗದದ ಮೇಲೆ ನೋಡಿದ್ರೆ ಸಪ್ಪೆ ರೇಸು: 60 ಲ್ಯಾಪುಗಳಲ್ಲಿ 60ನ್ನೂ ವೆಟೆಲ್ ಮುಂದಾಳಾಗಿ ಓಡಿಸಿದ. ಸ್ಟ್ಯಾಂಡಿನಲ್ಲಿ ಕೂತವರಿಗೆ ಯಾರು ಎಲ್ಲಿದ್ದಾರೆ ಅಂತ ದೊಡ್ಡ ಪರದೆ ನೋಡದೇ ಗೊತ್ತೂ ಆಗಲ್ಲ. ಆದರೆ ಆ ವಿ8 ಎಂಜಿನ್ನುಗಳು, ನಿಮಿಷಕ್ಕೆ 18,000 ಸುತ್ತು, ನಮ್ಮ ಮುಂದೆ ಹಾದುಹೋದಾಗ ಸದ್ದು ಕಿವಿಯಲ್ಲಿ ಕೇಳಲ್ಲ, ಪಕ್ಕೆಲುಬಿನಲ್ಲಿ ಕೇಳುತ್ತೆ. ಟೀವಿಯಲ್ಲಿ ಎಂದೂ ಕಾಣದ ಇನ್ನೊಂದು ವಿಷಯ ಬ್ರೇಕು. ಮುನ್ನೂರರ ವೇಗದಲ್ಲಿ ಬಂದ ಕಾರು ತಿರುವಿನ ಮುಂದೆ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ನಿಧಾನವಾಗೋದನ್ನ ಕಣ್ಣು ನಂಬಲ್ಲ. 2014ರಿಂದ ಹೈಬ್ರಿಡ್ ವಿ6 ಬಂದ ಮೇಲೆ ಸದ್ದು ತಗ್ಗಿತು. ನಾನು ಸದ್ದಿನ ಪಕ್ಷದವನು, ಒಪ್ಕೊಳ್ತೀನಿ. ಅದು ತರ್ಕ ಅಲ್ಲ, ಚಪಲ.

ಆ ಸರ್ಕ್ಯೂಟಿನ ಕಥೆಯೂ ಇವತ್ತಿನ ವಿಷಯಕ್ಕೆ ಸೇರಿದ್ದೇ. 2011ರಲ್ಲಿ ಮೊದಲ ಅಭ್ಯಾಸದ ದಿನವೇ ಬೀದಿನಾಯಿ ಟ್ರ್ಯಾಕಿಗೆ ಇಳಿದು ರೆಡ್ ಫ್ಲ್ಯಾಗ್ ಹಾರಿಸಿತು. ಮೂರು ವರ್ಷ, ಮೂರೂ ಸಲ ವೆಟೆಲ್. 2013ರಲ್ಲಿ ಅಲ್ಲೇ ನಾಲ್ಕನೇ ಚಾಂಪಿಯನ್ ಪಟ್ಟ ಗೆದ್ದು, ಟ್ರ್ಯಾಕಿನಲ್ಲೇ ಹೊಗೆ ಎಬ್ಬಿಸಿ ಗಿರಗಿರ ತಿರುಗಿಸಿ, ಇಳಿದು ಕಾರಿಗೆ ನಮಸ್ಕಾರ ಮಾಡಿದ. ಅದಕ್ಕೆ ದಂಡವನ್ನೂ ಹಾಕಿದ್ರು! ಅಲ್ಲಿಗೆ ಮುಗೀತು. ಉತ್ತರ ಪ್ರದೇಶ ಸರ್ಕಾರ ಇದನ್ನ ಕ್ರೀಡೆ ಅಂತ ಒಪ್ಪದೆ ಮನರಂಜನೆ ಅಂತ ಪರಿಗಣಿಸಿ ತೆರಿಗೆ ಕೇಳಿತ್ತು, ಆ ಜಗಳ ಮುಗಿಯಲೇ ಇಲ್ಲ. ನನಗೆ ಆಗ ಸಿಟ್ಟು ಬಂದಿತ್ತು. ಅಬುಧಾಬಿ ನೋಡಿದ ಮೇಲೆ ಆ ತೆರಿಗೆ ಅಧಿಕಾರಿ ದೂರದೃಷ್ಟಿಯವನು ಅನ್ನಿಸ್ತು.

ಹೈದರಾಬಾದಿನವರು 2023ರ ಫೆಬ್ರವರಿಯಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ನೋಡಿದ್ರಿ, ಮುಂದಿನ ವರ್ಷ ಅದೂ ರದ್ದು. ಚೆನ್ನೈಯವರಿಗೆ 2024ರಲ್ಲಿ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ರಾತ್ರಿ ರೇಸು ಸಿಕ್ಕಿತು. ಚೆನ್ನೈಯಲ್ಲಿರೋರಿಗೆ ನನ್ನ ಮಾತು: ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಂದು ಸಲ ಹೋಗಿ. ಸಣ್ಣ ಕಾರು, ಸಣ್ಣ ರೆಕ್ಕೆ, ಒಬ್ಬರ ಮೇಲೊಬ್ಬರು ಬಿದ್ದು ಓಡಿಸ್ತಾರೆ. ಕೊಳಕು ಗಾಳಿಯ ಸಮಸ್ಯೆ ಇಲ್ಲದ ರೇಸು ಹೇಗಿರುತ್ತೆ ಅಂತ ಗೊತ್ತಾಗುತ್ತೆ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೋದಲ್ಲೇ ಎಫ್2 ಸ್ಪ್ರಿಂಟ್ ಗೆದ್ದದ್ದನ್ನ ನಮ್ಮಲ್ಲಿ ಎಷ್ಟು ಜನ ನೋಡಿದ್ರಿ?

ಸರಿ, ಧಾರವಾಡದ ಗೆಳೆಯನಿಗೆ ವಾಪಸ್ ಬರ್ತೀನಿ. ಅವನಿಗೆ ನಾನು ಮಾಡಿದ್ದು ಇಷ್ಟೇ. ಒಂದು ಭಾನುವಾರ ಟೀವಿ ಪಕ್ಕ ಲ್ಯಾಪ್‌ಟಾಪ್ ಇಟ್ಟು ಲೈವ್ ಟೈಮಿಂಗ್ ತೆರೆದೆ. ಮುಂದಿರೋ ಒಬ್ಬನನ್ನ ಬಿಡು, ಆರನೇ ಸ್ಥಾನದಿಂದ ಕೆಳಗೆ ನೋಡು ಅಂದೆ. ಪಿಟ್ಟಿಗೆ ಹೋಗಿ ಬಂದರೆ ಒಟ್ಟು ಸುಮಾರು 22 ಸೆಕೆಂಡ್ ಹೋಗುತ್ತೆ ಅಂದ್ಕೋ. ಹಿಂದಿನವನು ಎರಡು ಸೆಕೆಂಡ್ ದೂರದಲ್ಲಿದ್ದಾನೆ, ದಾಟೋಕೆ ಆಗ್ತಿಲ್ಲ. ಅವನು ಮೊದಲು ಒಳಗೆ ಹೋಗಿ ಹೊಸ ಟೈರ್ ಹಾಕ್ಕೊಂಡ ಅಂದ್ರೆ ಹೊರಗೆ ಬಂದ ಲ್ಯಾಪಿನಲ್ಲಿ ಎರಡು, ಎರಡೂವರೆ ಸೆಕೆಂಡ್ ಬೇಗ ಹೋಗಬಲ್ಲ. ಮುಂದಿನವನು ಒಂದು ಲ್ಯಾಪು ತಡ ಮಾಡಿ ಒಳಗೆ ಹೋಗಿ ಬರೋಷ್ಟರಲ್ಲಿ ಜಾಗ ಅದಲುಬದಲು. ಇದೇ ಅಂಡರ್‌ಕಟ್. ಆದರೆ ಹೊರಗೆ ಬಂದ ಜಾಗದಲ್ಲಿ ನಿಧಾನದ ಕಾರೊಂದು ಸಿಕ್ಕಿಬಿಟ್ಟರೆ ಮಾಡಿದ್ದೆಲ್ಲಾ ನೀರಲ್ಲಿ ಹೋಮ. ಟೈರ್ ಬದಲಿಸೋರು ಎರಡು ಸೆಕೆಂಡಿನಲ್ಲಿ ಮುಗಿಸ್ತಾರೆ. 2023ರ ಕತಾರಿನಲ್ಲಿ ಮ್ಯಾಕ್‌ಲಾರೆನ್ 1.80 ಸೆಕೆಂಡಿನಲ್ಲಿ ಮುಗಿಸಿದ ದಾಖಲೆ ಇದೆ. ಒಂದು ನಟ್ ಕಚ್ಕೊಂಡ್ರೆ ರೇಸ್ ಹೋಯ್ತು.

ಆ ಆಸಾಮಿ ಡೇಟಾಬೇಸ್ ಕೆಲಸದವನು. ಅರ್ಧ ಗಂಟೆಯಲ್ಲಿ ನನ್ನ ಲ್ಯಾಪ್‌ಟಾಪ್ ಕಿತ್ಕೊಂಡ. "ತಡೀ, ಈ ಏಳನೇದವನ ಅಂತರ ಲ್ಯಾಪಿಗೆ ಮೂರ್ ದಶಾಂಶ ಕಮ್ಮಿ ಆಗಾಕತ್ತೈತಿ, ಇವ ಇನ್ನ ನಾಕ್ ಲ್ಯಾಪಿನ್ಯಾಗ ಹಿಡೀತಾನ." ಹಿಡಿದ. ಟೀವಿ ಕ್ಯಾಮೆರಾ ಆ ಹೊತ್ತಿಗೆ ಯಾರೋ ಸಿನಿಮಾ ನಟನನ್ನ ತೋರಿಸ್ತಾ ಇತ್ತು.

ಹೌದು, ಇದರಲ್ಲಿ ಒಂದು ಆಕ್ಷೇಪ ಇದೆ, ಅದೂ ನ್ಯಾಯವಾದದ್ದೇ. ದಿನವಿಡೀ ಡ್ಯಾಶ್‌ಬೋರ್ಡ್ ನೋಡೋರು ಭಾನುವಾರವೂ ಡ್ಯಾಶ್‌ಬೋರ್ಡ್ ನೋಡಬೇಕಾ ಅಂತ ನನ್ನ ಹೆಂಡತಿ ಕೇಳ್ತಾಳೆ. ಟೈಮಿಂಗ್ ಪರದೆ ಇಲ್ಲದೇ ರಸ ಹುಟ್ಟಿಸದ ಆಟ ಆಟವಾಗಿ ಎಲ್ಲೋ ಸೋತಿದೆ ಅನ್ನೋದು ಅವಳ ವಾದ. ಕಬಡ್ಡಿ ನೋಡೋಕೆ ಎರಡನೇ ಪರದೆ ಬೇಕಾ ಅಂತಾಳೆ. ನನ್ನ ಹತ್ರ ಇದಕ್ಕೆ ಪೂರ್ತಿ ಉತ್ತರ ಇಲ್ಲ. ಮಳೆ ಬಂದ ದಿನ ಮಾತ್ರ ಅವಳೂ ಬಂದು ಕೂರ್ತಾಳೆ. 2024ರ ಬ್ರೆಜಿಲ್ ರೇಸಿನಲ್ಲಿ ವರ್ಸ್ಟಾಪನ್ 17ನೇ ಸ್ಥಾನದಿಂದ ಮಳೆಯಲ್ಲಿ ಬಂದು ಗೆದ್ದಾಗ ಅನ್ನದ ಕುಕ್ಕರ್ ಎಷ್ಟು ಸೀಟಿ ಹೊಡೀತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಮತ್ತೆ 2023ರ ಏಕತಾನತೆ ಹಾಗೇ ಉಳೀಲಿಲ್ಲ, ಇದನ್ನೂ ಹೇಳಬೇಕು. ತಂಡಗಳ ಖರ್ಚಿಗೆ 2021ರಿಂದ ಮಿತಿ ಇದೆ, ಗೆದ್ದ ತಂಡಕ್ಕೆ ವಿಂಡ್ ಟನೆಲ್ ಸಮಯ ಕಮ್ಮಿ, ಸೋತವರಿಗೆ ಜಾಸ್ತಿ. ನಿಧಾನವಾಗಿ ಅದರ ಫಲ ಬಂತು. 2024ರಲ್ಲಿ ಏಳು ಜನ ಬೇರೆ ಬೇರೆ ಡ್ರೈವರ್‌ಗಳು ಗೆದ್ದರು, ಏಳೂ ಜನ ಒಂದಕ್ಕಿಂತ ಹೆಚ್ಚು ಸಲ. 2025ರಲ್ಲಿ ಕೊನೆಯ ರೇಸಿಗೆ ಮೂರು ಜನ ಪೈಪೋಟಿಯಲ್ಲಿದ್ರು. ಲ್ಯಾಂಡೋ ನಾರಿಸ್ 423, ವರ್ಸ್ಟಾಪನ್ 421. 24 ರೇಸು ಓಡಿಸಿ ಎರಡು ಅಂಕದ ಅಂತರ. ಇಂಥಾ ನಿಯಮ ನನಗೆ ಇಷ್ಟ. ರೇಸಿನ ಮಧ್ಯೆ ಕೈ ಹಾಕಲ್ಲ, ಫ್ಯಾಕ್ಟರಿಯಲ್ಲಿ ಕೈ ಹಾಕುತ್ತೆ. ಭಾನುವಾರ ಎಲ್ಲರೂ ತಮ್ಮ ಪಾಡಿಗೆ ಓಡಿಸಬಹುದು.

2026ರ ನಿಯಮದಲ್ಲಿ ಡಿಆರ್‌ಎಸ್ ಹೋಗಿದೆ. ಕಾರು ಹತ್ತು ಸೆಂಟಿಮೀಟರ್ ಕಿರಿದು, 30 ಕಿಲೋ ಹಗುರ. ಮುಂದಿನ, ಹಿಂದಿನ ರೆಕ್ಕೆ ಎರಡೂ ಚಲಿಸುತ್ತವೆ, ಅದೂ ಎಲ್ಲರಿಗೂ, ಹಿಂದಿರೋನಿಗೆ ಮಾತ್ರ ಅಲ್ಲ. ಹತ್ತಿರ ಬಂದವನಿಗೆ ಹೆಚ್ಚುವರಿ ವಿದ್ಯುತ್ ಶಕ್ತಿ ಸಿಗುತ್ತೆ. ಎಂಜಿನ್ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಬ್ಯಾಟರಿಯದು. ನನ್ನ ಅಂಜಿಕೆ ಒಂದೇ, ಟೈರ್ ಉಳಿಸೋ ಆಟ ಹೋಗಿ ಚಾರ್ಜ್ ಉಳಿಸೋ ಆಟ ಬರಬಾರದು. ಫೋನಿನ ಬ್ಯಾಟರಿ ನೋಡಿ ನೋಡಿಯೇ ನಮಗೆ ಸಾಕಾಗಿದೆ.

ಗೆಳೆಯ ಈಗ ಹೈದರಾಬಾದಿನಲ್ಲಿದ್ದಾನೆ, ನೈಟ್ ಶಿಫ್ಟು. ಆಸ್ಟಿನ್ ರೇಸು ನಮಗೆ ನಡುರಾತ್ರಿ ಕಳೆದ ಮೇಲೆ ಶುರುವಾಗುತ್ತಲ್ಲ, ಅದು ಅವನಿಗೆ ಹೇಳಿ ಮಾಡಿಸಿದ ಹೊತ್ತು. ಮ್ಯಾನೇಜರ್‌ಗೆ ಕಾಣದ ಹಾಗೆ ಎರಡನೇ ಮಾನಿಟರಿನ ಮೂಲೆಯಲ್ಲಿ ಟೈಮಿಂಗ್ ಪರದೆ ಇಟ್ಕೊಂಡು ನನಗೆ ಮೆಸೇಜ್ ಹಾಕ್ತಿರ್ತಾನೆ, ಹನ್ನೊಂದನೇ ಸ್ಥಾನದವನ ಟೈರ್ ಮುಗೀತು ಅಂತ.